ಬರದ ತಾಕಿನಲ್ಲಿ ಗೆದ್ದ ಬೀಜ



ಗೋವಿನಜೋಳ ಹಾಕಿ ಕೈಸುಟ್ಟುಕೊಂಡವರಿಗೆ ಇದು ಹೊಸ ಮಾತಲ್ಲ. ಪೈರು ಎದೆಯುದ್ದ ಬಂದಿರ್ತದೆ, ಸೂಲಂಗಿ ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಡ್ತದೆ. ಸೂಲಂಗಿ ತನ್ನ ಹೊತ್ತಿಗೆ ಪರಾಗ ಉದುರಿಸಿಬಿಡುತ್ತದೆ. ತೆನೆಯ ರೇಷ್ಮೆಯೆಳೆ ಮಾತ್ರ ನೀರಿಲ್ಲದೆ ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಪರಾಗ ಮುಗಿದಿರ್ತದೆ. ಹೊರಗೆ ನೋಡಿದರೆ ತೆನೆ, ಸುಲಿದರೆ ಬರೀ ದಿಂಡು. ಬೀಜ-ಗೊಬ್ಬರದ ಅಂಗಡಿಯ ಲೆಕ್ಕದಲ್ಲಿ ಕಾಳು ಕಟ್ಟದೆ ಇರೋದಿಲ್ಲ, ಬಡ್ಡಿ ಬೆಳೀತಾನೇ ಇರ್ತದೆ.

ಆಫ್ರಿಕದ ಪೂರ್ವ ಮತ್ತು ದಕ್ಷಿಣದ ದೇಶಗಳಲ್ಲಿ ಈ ಜೋಳ ಕೋಳಿಮೇವಿನ ಕಾರ್ಖಾನೆಗೆ ಹೋಗುವ ಮಾಲಲ್ಲ, ಹೊತ್ತಿನ ಊಟ. ಮಲಾವಿಯವರು ಅದರ ಹಿಟ್ಟಿನಲ್ಲಿ ಎನ್‌ಸಿಮಾ ತಿರುವಿ ಉಣ್ಣುತ್ತಾರೆ, ನಾವು ಮುದ್ದೆ ಉಂಡ ಹಾಗೆ. 1991-92ರ ಬರದಲ್ಲಿ ಅಲ್ಲಿ ಬೆಳೆ ನೆಲಕಚ್ಚಿತು. ಆ ದಶಕದಲ್ಲೇ ಮೆಕ್ಸಿಕೋ ಮೂಲದ ಸಿಮ್ಮಿಟ್ ಸಂಸ್ಥೆಯ ತಳಿ ವಿಜ್ಞಾನಿಗಳು ಜಿಂಬಾಬ್ವೆಯ ಹರಾರೆಯಿಂದ ಕೆಲಸ ಮಾಡುತ್ತ, ಸುತ್ತಲ ದೇಶಗಳ ಸರ್ಕಾರಿ ಸಂಶೋಧಕರ ಜೊತೆಗೂಡಿ ತಳಿ ಆರಿಸುವ ಕ್ರಮವನ್ನೇ ಬದಲಿಸಿದರು.

ಅಲ್ಲಿಯವರೆಗೆ ಏನಾಗ್ತಿತ್ತು? ನೀರು, ಗೊಬ್ಬರ ಧಾರಾಳ ಸುರಿದ ತಾಕಿನಲ್ಲಿ ಗೆದ್ದದ್ದೇ ಉತ್ತಮ ತಳಿ. ಅದು ಬಡವನ ಹೊಲಕ್ಕೆ ಬಂದು ಸೋತರೆ, ರೈತನಿಗೆ ಬೇಸಾಯ ಬರೋದಿಲ್ಲ ಅಂತ ತೀರ್ಪು. ಈ ಮಾತು ನಾವೂ ಕೇಳಿಲ್ಲವೇ? ಇವರು ಒಣ ಹಂಗಾಮಿನಲ್ಲಿ ಬಿತ್ತಿ, ಹೂ ಬಿಡುವ ಕಾಲಕ್ಕೆ ಬೇಕೆಂದೇ ನೀರು ನಿಲ್ಲಿಸಿದರು. ಸಾರಜನಕ ಬರಿದಾದ ಮಣ್ಣಿನಲ್ಲೂ ಬೆಳೆಸಿ ನೋಡಿದರು. ಸೂಲಂಗಿಗೂ ರೇಷ್ಮೆಯೆಳೆಗೂ ದಿನದ ಅಂತರ ಎಲ್ಲಿ ಕಡಿಮೆಯೋ ಅಂಥ ಗಿಡಗಳನ್ನು ಉಳಿಸಿಕೊಂಡರು.

ಎರಡನೆಯದು ಇನ್ನೂ ದೊಡ್ಡದು. ಊರ ನಡುವೆ ಒಂದು ‘ತಾಯಿ ತಾಕು’, ಅಲ್ಲಿ ಎಲ್ಲ ತಳಿಗಳು. ಸುತ್ತಲ ರೈತರ ಹೊಲಗಳಲ್ಲಿ ‘ಮರಿ ತಾಕು’ಗಳು, ಅಲ್ಲಿ ಕೆಲವೇ ತಳಿ, ಬೇಸಾಯ ರೈತನದೇ. ಯಾವುದು ಒಳ್ಳೆಯದು ಅಂತ ಅಂಕ ಹಾಕೋರು ರೈತರು. ಎಕರೆಗೆ ಎಷ್ಟು ಚೀಲ ಎಂಬುದೊಂದೇ ಅವರ ಲೆಕ್ಕವಲ್ಲ. ಹಸಿವಿನ ತಿಂಗಳಿಗೆ ಮೊದಲೇ ತೆನೆ ಬರ್ತದೋ, ಕಾಳು ಗಟ್ಟಿಯಿದ್ದು ಕುಟ್ಟಿದರೆ ಹಿಟ್ಟು ನಿಲ್ತದೋ, ಕಣಜದಲ್ಲಿ ಹುಳ ತಡೀತದೋ, ಇವೂ ಬೇಕು.

ಈ ದಾರಿಯಲ್ಲೇ 2007ರ ಸುಮಾರಿಗೆ ಶುರುವಾದ ಬರಸಹಿಷ್ಣು ಮೆಕ್ಕೆಜೋಳ ಯೋಜನೆಯಲ್ಲಿ ಸಿಮ್ಮಿಟ್, ನೈಜೀರಿಯದ ಐಐಟಿಎ ಸಂಸ್ಥೆ ಮತ್ತು 13 ದೇಶಗಳು ಸೇರಿದವು. ದುಡ್ಡು ಹೆಚ್ಚಾಗಿ ಗೇಟ್ಸ್ ಪ್ರತಿಷ್ಠಾನದ್ದು. 2015ರಲ್ಲಿ ಯೋಜನೆ ಮುಗಿಯುವಷ್ಟರಲ್ಲಿ 200ಕ್ಕೂ ಹೆಚ್ಚು ತಳಿ ಹೊರಬಂದಿದ್ದವು. ಆದರೆ ಬರ ತಾಳುವ ಬೀಜ ಅಂದರೆ ಮಳೆಯೇ ಇಲ್ಲದೆ ಬೆಳೆಯುವ ಬೀಜ ಅಲ್ಲ. 2024ರಲ್ಲಿ ಮಲಾವಿ, ಜಾಂಬಿಯ, ಜಿಂಬಾಬ್ವೆ ಮೂರೂ ಬರದಿಂದ ರಾಷ್ಟ್ರೀಯ ವಿಪತ್ತು ಘೋಷಿಸಬೇಕಾಯಿತು.

ಇನ್ನು ಸಾಲದ ವಿಷಯಕ್ಕೆ ಬರೋಣ. ಹೊರಬಂದ ತಳಿಗಳಲ್ಲಿ ಎರಡು ಜಾತಿ. ಮೊದಲು ಬಂದ ಜೆಡ್‌ಎಂ 521ರಂಥವು ಮುಕ್ತವಾಗಿ ಪರಾಗಸ್ಪರ್ಶವಾಗುವಂಥವು. ರೈತ ಒಳ್ಳೆ ತೆನೆ ಆರಿಸಿಟ್ಟು ಮುಂದಿನ ವರ್ಷ ಬಿತ್ತಬಹುದು. ಹೈಬ್ರಿಡ್ ಹಾಗಲ್ಲ, ಅದನ್ನು ವರ್ಷವರ್ಷ ಕೊಳ್ಳಬೇಕು. ಇಳುವರಿ ಹೆಚ್ಚು ನಿಜ, ಬೀಜದಂಗಡಿಗಳ ಒಲವೂ ಅದರ ಕಡೆಗೇ. 2008ರಲ್ಲಿ ಶುರುವಾದ ಇನ್ನೊಂದು ಯೋಜನೆಗೆ ಮಾನ್ಸಾಂಟೊ ಕಂಪನಿಯೂ ಸೇರಿತು. ತಳಿಗೆ ರಾಯಧನ ಕೇಳೋದಿಲ್ಲ ಎಂಬ ಭರವಸೆ ಬಂತು. ರಾಯಧನ ಬಿಟ್ಟರೂ ಬೀಜದ ಚೀಲಕ್ಕೆ ಬೆಲೆ ಇದ್ದೇ ಇರ್ತದಲ್ಲ ಸ್ವಾಮಿ!

ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯವೂ ಸಿಮ್ಮಿಟ್ ಜೊತೆ ಸೇರಿ ಬಿಸಿಲು ತಾಳುವ ಹೈಬ್ರಿಡ್ ಮೆಕ್ಕೆಜೋಳದ ಕೆಲಸ ಮಾಡಿದೆ. ಮುಂದೆ ಕ್ಷೇತ್ರೋತ್ಸವಕ್ಕೆ ಕರೆದಾಗ ಹೋಗಿ, ತಾಕು ನೋಡಿ. ಊಟಕ್ಕೆ ಕೂರುವ ಮೊದಲು ಮಾತ್ರ ಕೇಳಿ: ಇದನ್ನು ಯಾವ ನೆಲದಲ್ಲಿ, ಎಷ್ಟು ನೀರು ಕೊಟ್ಟು ಆರಿಸಿದಿರಿ? ಈ ಬೀಜ ಯಾರು ಮಾರ್ತಾರೆ, ಕಿಲೋಗೆ ಎಷ್ಟು?