ವಿಜ್ಞಾನ ಬೋಧನೆಗೆ ಪ್ರಶಿಕ್ಷಣಾರ್ಥಿಗಳ ಸಿದ್ಧತೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಒಂದು ಅವಲೋಕನ

ಶಿಕ್ಷಕ ಹುದ್ದೆಗೆ ಅರ್ಜಿ ಸಲ್ಲಿಸಲಿಚ್ಛಿಸುವ ಅಭ್ಯರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ ಈ ಅವಲೋಕನವನ್ನು ನೀಡಲಾಗಿದೆ.

ಹಿನ್ನೆಲೆ: 2009ರ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ, 6ರಿಂದ 8ನೇ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ ಬೋಧಿಸಲು ಕನಿಷ್ಠ ಒಬ್ಬ ಶಿಕ್ಷಕರು ಇರತಕ್ಕದ್ದು. ಸಂವಿಧಾನದ 371(ಜೆ) ಅನುಚ್ಛೇದದಡಿ 2013ರಲ್ಲಿ ಹೊರಡಿಸಿದ ಆದೇಶದ ಮೇರೆಗೆ, ಈ ಪ್ರದೇಶದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲಾಗಿವೆ. ಆದ್ದರಿಂದ ಇಲ್ಲಿನ ಮಕ್ಕಳಿಗೆ ನಾಳೆ ವಿಜ್ಞಾನ ಕಲಿಸುವವರು ಬಹುಪಾಲು ಇಲ್ಲಿಯೇ ಓದಿದವರಾಗಿರುತ್ತಾರೆ. ಏಳನೇ ತರಗತಿಯಲ್ಲಿ ವಿಜ್ಞಾನಕ್ಕೆ ಹೆದರಿದ ಮಗು ಪಿಯುಸಿಯಲ್ಲಿ ಆ ವಿಭಾಗವನ್ನು ಆರಿಸಿಕೊಳ್ಳುವುದು ವಿರಳ. ಹೀಗೆ ಇಂದಿನ ದುರ್ಬಲ ಬೋಧನೆಯು ಮುಂದಿನ ಶಿಕ್ಷಕರ ಕೊರತೆಗೆ ಕಾರಣವಾಗುತ್ತದೆ.

ಸಮಸ್ಯೆಯ ಸ್ವರೂಪ: ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆಯ 150 ಅಂಕಗಳಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ 60 ಅಂಕಗಳಿವೆ. ಬಹು ಆಯ್ಕೆಯ ಪ್ರಶ್ನೆಗಳು ತಿಳಿವಳಿಕೆಯನ್ನು ಅಳೆಯಬಲ್ಲವು; ಮಕ್ಕಳ ಮುಂದೆ ಪ್ರಯೋಗ ಮಾಡಿ ತೋರಿಸುವ ಸಾಮರ್ಥ್ಯವನ್ನು ಅಳೆಯಲಾರವು. ಈ ಸಾಮರ್ಥ್ಯವು ತರಬೇತಿಯ ಅವಧಿಯಲ್ಲಿಯೇ ಬರಬೇಕು. 2014ರ ರಾಷ್ಟ್ರೀಯ ನಿಯಮಾವಳಿಯು ಬಿ.ಇಡಿ. ವ್ಯಾಸಂಗವನ್ನು ಎರಡು ವರ್ಷಗಳಿಗೆ ಹೆಚ್ಚಿಸಿ, 20 ವಾರಗಳ ಶಾಲಾ ಇಂಟರ್ನ್‌ಶಿಪ್‌ಗೆ ಅವಕಾಶ ಕಲ್ಪಿಸಿದೆ. ಸದರಿ ಅವಧಿಯು ಪಾಠಯೋಜನೆಯ ಪುಸ್ತಕ ಬರೆಯುವುದರಲ್ಲಿಯೇ ಕಳೆದರೆ ಉದ್ದೇಶ ಈಡೇರುವುದಿಲ್ಲ.

ಸ್ಥಳೀಯ ಸಾಮಗ್ರಿ: ಪ್ರಯೋಗಾಲಯವಿಲ್ಲದ ಶಾಲೆಯೂ ಇಲ್ಲಿ ಬಡವಲ್ಲ. ಶಹಾಬಾದದ ಹಾಸುಗಲ್ಲು ಸುಣ್ಣದ ಕಲ್ಲು. ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಮೂಲವಸ್ತುವೂ ಅದೇ. ಅದರ ಪುಡಿಗೆ ನಿಂಬೆರಸ ಹಾಕಿದರೆ ಗುಳ್ಳೆಗಳೇಳುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತಾಗುತ್ತದೆ. ಎರಡೂ ಒಂದೇ ಅನಿಲವೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಸುಟ್ಟ ಸುಣ್ಣವು ನೀರು ತಾಗಿದೊಡನೆ ಕಾಯುವುದರಿಂದ ತಿಳಿನೀರನ್ನು ಶಿಕ್ಷಕರೇ ಮೊದಲು ಸಿದ್ಧಪಡಿಸಿಕೊಳ್ಳತಕ್ಕದ್ದು. ಅದನ್ನು ಹೀರದಂತೆ ಮಕ್ಕಳಿಗೆ ಎಚ್ಚರಿಸತಕ್ಕದ್ದು. ಚಿಂಚೋಳಿಯ ಅರಣ್ಯವು ಜೀವಶಾಸ್ತ್ರಕ್ಕೆ ತೆರೆದ ತರಗತಿಯಾಗಿದೆ.

ಅಭ್ಯರ್ಥಿಗಳ ಗಮನಕ್ಕೆ: ಸ್ಥಳೀಯ ಮೀಸಲಾತಿಗೆ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ 371(ಜೆ) ಅರ್ಹತಾ ಪ್ರಮಾಣಪತ್ರವು ಅವಶ್ಯಕ. ಅಧಿಸೂಚನೆ ಹೊರಡುವವರೆಗೆ ಕಾಯದೆ ಮುಂಚಿತವಾಗಿಯೇ ಪಡೆಯುವುದು ಸೂಕ್ತ. ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿಯ ಮಾನ್ಯತೆಯಿದೆ.

ಪ್ರಮಾಣಪತ್ರಗಳು ಹುದ್ದೆಯನ್ನು ದೊರಕಿಸಿಕೊಡುತ್ತವೆ. ತರಗತಿಯಲ್ಲಿ ಮಗು ಕೇಳುವ ‘ಏಕೆ?’ ಎಂಬ ಪ್ರಶ್ನೆಗೆ ಉತ್ತರಿಸುವ ಸಿದ್ಧತೆಯನ್ನು ಪ್ರಶಿಕ್ಷಣಾರ್ಥಿಗಳು ತರಬೇತಿಯ ದಿನಗಳಲ್ಲಿಯೇ ಮಾಡಿಕೊಳ್ಳಬೇಕಾಗಿದೆ.