ವಿಜ್ಞಾನ ಸಂಘಕ್ಕೆ ವೇಳೆಯೂ ಬೇಕು, ಮಾಸ್ತರರೂ ಬೇಕು

ಮಾನ್ಯ ಸಂಪಾದಕರಿಗೆ,

ಐದು ವರ್ಷಗಳ ಅವಧಿಯಲ್ಲಿ ದೇಶದ ಸರಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗುವುದೆಂದು 2025ರ ಕೇಂದ್ರ ಮುಂಗಡಪತ್ರವು ಸಾರಿದ ಮೇಲೆ, ಅಂಥದೊಂದು ನಮ್ಮೂರಿಗೂ ಬಂದೀತೆಂದು ಗದಗ ಜಿಲ್ಲೆಯ ಬೆಟಗೇರಿಯ ಪಾಲಕರು ಆಶಿಸುವುದು ಸಹಜವೇ ಆಗಿದೆ. 2016ರಲ್ಲಿ ಆರಂಭವಾದ ಈ ಯೋಜನೆಯಂತೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆತು, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಸೆನ್ಸರು, ರೋಬೋಟು, ತ್ರೀ-ಡಿ ಪ್ರಿಂಟರುಗಳನ್ನು ಸ್ವಹಸ್ತದಿಂದ ಬಳಸುವಂತಾಗುವುದು ಸ್ತುತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಯಂತ್ರ ಮತ್ತು ಕೋಣೆಗಳ ಸುತ್ತಲೇ ತಿರುಗುತ್ತಿದ್ದು, ಆ ಕೋಣೆಯ ಬೀಗವನ್ನು ವಾರದ ಯಾವ ದಿನ, ಯಾವ ತಾಸಿನಲ್ಲಿ, ಯಾರು ತೆರೆಯತಕ್ಕದ್ದೆಂಬ ಪ್ರಶ್ನೆಯನ್ನು ಎತ್ತುವವರೇ ಇಲ್ಲದಿರುವುದು ನನ್ನ ಆಕ್ಷೇಪ.

ಆ ಕೋಣೆಯನ್ನು ಬಳಸಬೇಕಾದ ವಿಜ್ಞಾನ ಸಂಘವೆಂಬುದು ನಮ್ಮ ಪ್ರೌಢಶಾಲೆಗಳಿಗೆ ಹೊಸದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದಲೂ ವಿಜ್ಞಾನ ಪ್ರಸಾರದ ಕಾರ್ಯದಲ್ಲಿ ಶ್ರಮಿಸಿದೆ. ಅದರ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಓದಿ ಬೆಳೆದವರು ಅನೇಕರು. ಹೀಗಿದ್ದೂ ಬಹುತೇಕ ಶಾಲೆಗಳಲ್ಲಿ ಸಂಘವು ಫೆಬ್ರುವರಿ 28ರ ವಿಜ್ಞಾನ ದಿನದಂದು ಮತ್ತು ವಸ್ತುಪ್ರದರ್ಶನದ ಹಿಂದಿನ ವಾರದಲ್ಲಿ ಮಾತ್ರ ಎಚ್ಚರಗೊಂಡು, ಅಂಗಡಿಯಿಂದ ತಂದ ಥರ್ಮೋಕೋಲಿನಲ್ಲಿ ಪಾಲಕರೇ ರಚಿಸಿಕೊಟ್ಟ ಜ್ವಾಲಾಮುಖಿಯನ್ನು ಮೇಜಿನ ಮೇಲಿರಿಸಿ ಮತ್ತೆ ನಿದ್ರಿಸುತ್ತದೆ. ಇದಕ್ಕೆ ಮಾಸ್ತರರನ್ನು ದೂಷಿಸುವುದು ಅನ್ಯಾಯ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿ, ಚುನಾವಣೆ, ಗಣತಿ ಇವೆಲ್ಲವನ್ನೂ ಹೊತ್ತ ಶಿಕ್ಷಕರಿಗೆ ಸಂಘದ ತಾಸು ಕರ್ತವ್ಯವೆಂದು ಎಲ್ಲಿಯೂ ಲೆಕ್ಕಕ್ಕೆ ಬಾರದೆ, ಕೇವಲ ಅವರ ಉತ್ಸಾಹಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ.

ನೆರೆಯ ಕೇರಳ ಇದನ್ನು ಬೇರೆ ರೀತಿಯಲ್ಲಿ ಯೋಚಿಸಿದೆ. ಅಲ್ಲಿ 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಎಂಬ ಗಣಕವಿದ್ಯೆಯ ವಿದ್ಯಾರ್ಥಿ ಸಂಘವು ಇಂದು ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ನಡೆಯುತ್ತಿದೆ. ಎಂಟನೆಯ ತರಗತಿಯ ಮಕ್ಕಳನ್ನು ಅಭಿರುಚಿ ಪರೀಕ್ಷೆಯಿಂದ ಆಯ್ದು, ಪ್ರತಿಯೊಂದು ಘಟಕಕ್ಕೂ ಇಬ್ಬರು ಶಿಕ್ಷಕರನ್ನು ಹೊಣೆಗಾರರನ್ನಾಗಿ ನೇಮಿಸಿ, ವಾರಕ್ಕೊಂದು ತಾಸನ್ನು ನಿಗದಿಗೊಳಿಸಿ, ಸಾಧನೆ ತೋರಿದ ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿ ಕೃಪಾಂಕವನ್ನೂ ಕೊಡುವ ವ್ಯವಸ್ಥೆ ಅಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕವಿದ್ಯೆಯ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ಸಿಗುತ್ತದೆ. ಗಡಿಯಾಚೆಯ ಕನ್ನಡದ ಮಗುವಿಗೆ ದೊರೆತದ್ದು ಕನ್ನಡನಾಡಿನ ನಟ್ಟನಡುವಿನ ಶಿರಹಟ್ಟಿಯ ಮಗುವಿಗೆ ದೊರೆಯದಿರುವುದು ನನಗೆ ದುಃಖವನ್ನು ತರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಸಂಘಕ್ಕೆ ಕೆಲಸದ ಅಭಾವವೇನೂ ಇಲ್ಲ. ಮುಂಡರಗಿ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವೆಂಬುದು ಬಹುಕಾಲದಿಂದ ತಿಳಿದ ಸಂಗತಿ; ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ತಮ್ಮೂರಿನ ನೀರು ಯಾವ ತಿಂಗಳಲ್ಲಿ ಮೀರುತ್ತದೆ ಎಂಬುದನ್ನು ಮಕ್ಕಳು ಪರೀಕ್ಷಾ ಪೆಟ್ಟಿಗೆಯಿಂದ ಅಳೆದು, ಗಣಕದಲ್ಲಿ ನಕ್ಷೆಯಾಗಿ ಬಿಡಿಸಿ ಗ್ರಾಮಸಭೆಯ ಮುಂದಿಡಬಲ್ಲರು. 2024ರಲ್ಲಿ ರಾಮ್ಸಾರ್ ಜೌಗುತಾಣವೆಂದು ಮಾನ್ಯತೆ ಪಡೆದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ವರ್ಷವರ್ಷವೂ ಎಣಿಸಿ ದಾಖಲಿಸುವುದಕ್ಕೆ ಸುತ್ತಲಿನ ಊರುಗಳ ಮಕ್ಕಳಿಗಿಂತ ಹತ್ತಿರದವರು ಯಾರು? ನೇಕಾರರ ಊರಾದ ಬೆಟಗೇರಿಯಲ್ಲಂತೂ ಗಣಕದ ಪೂರ್ವಕಥೆಯನ್ನು ಮಗ್ಗದಿಂದಲೇ ಆರಂಭಿಸಬಹುದು: ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳಿಂದ ವಿನ್ಯಾಸವನ್ನು ನಿಯಂತ್ರಿಸುವ ಜಕಾರ್ಡ್ ಮಗ್ಗದ ಉಪಾಯವನ್ನೇ ಗಣಿತಜ್ಞ ಬ್ಯಾಬೇಜನು ತನ್ನ ಗಣನಯಂತ್ರದ ಕಲ್ಪನೆಗೆ ತೆಗೆದುಕೊಂಡನು.

ಶಾಲೆ ಬಿಟ್ಟ ಮೇಲೆ ಸಂಘ ನಡೆಯಲೆಂದು ಹೇಳುವವರಿದ್ದಾರೆ. ಹಳ್ಳಿಯಿಂದ ಬರುವ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೆಂದು ಅವರು ವಿಚಾರಿಸಿದಂತಿಲ್ಲ. ಆದುದರಿಂದ ಸಂಘದ ತಾಸು ವೇಳಾಪಟ್ಟಿಯ ಒಳಗೇ ಇರಬೇಕು. ಶಿಕ್ಷಕರ ವಾರದ ಕಾರ್ಯಭಾರದಲ್ಲಿ ಅದನ್ನು ಎಣಿಸಬೇಕು. ಪ್ರಯೋಗಾಲಯ ದೊರೆತ ಶಾಲೆಯು ಶನಿವಾರ ನೆರೆಯ ಶಾಲೆಗಳ ಮಕ್ಕಳಿಗೂ ಬಾಗಿಲು ತೆರೆಯಬೇಕು. ಬರುವ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಗದಗ ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಈ ಕುರಿತು ಸ್ಪಷ್ಟ ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಬೆಟಗೇರಿ