ಒಂದು ಗಂಟೆಯ ಲೆಕ್ಕ

ಭೂಗೋಳದ ತರಗತಿಯಲ್ಲಿ ನಕಾಶೆಯ ಮೇಲೆ ದಾರವನ್ನಿಟ್ಟು ದೂರ ಅಳೆಯುವುದನ್ನು ನಾನು ಕಲಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅಂಕುಡೊಂಕಾದ ರಸ್ತೆಗೆ ದಾರ, ನೇರ ದೂರಕ್ಕೆ ಅಳತೆಪಟ್ಟಿ. ಆ ಪಾಠದಲ್ಲಿ ಒಂದು ಮಾತನ್ನು ಹೇಳದೆ ಬಿಟ್ಟೆನೆಂದು ಈಗ ಅನಿಸುತ್ತಿದೆ. ದೂರ ತಿಳಿದ ಮಾತ್ರಕ್ಕೆ ಪ್ರಯಾಣದ ಹೊತ್ತು ತಿಳಿಯುವುದಿಲ್ಲ.

ಬೆಂಗಳೂರು, ಮಂಗಳೂರುಗಳನ್ನೇ ತೆಗೆದುಕೊಳ್ಳೋಣ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಜ್ಪೆಯ ನಿಲ್ದಾಣಕ್ಕೆ ನೇರ ದೂರ ಸುಮಾರು 300 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣ ಸುಮಾರು ಒಂದು ಗಂಟೆ. ಅದರಲ್ಲೂ ವಿಮಾನ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಉಳಿದದ್ದು ನೆಲದ ಮೇಲೆ ಉರುಳುವ ಹೊತ್ತು. ರಸ್ತೆಯಲ್ಲಾದರೆ ಸುಮಾರು 350 ಕಿ.ಮೀ.; ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು. ವಿಮಾನದಲ್ಲಿ ಹೋದರೆ ಆರೇಳು ಗಂಟೆ ಉಳಿಯಿತೆಂದು ಯಾರಿಗಾದರೂ ತೋರುವುದು ಸಹಜ.

ಆದರೆ ನಮ್ಮ ಮನೆಗಳಿರುವುದು ವಿಮಾನ ನಿಲ್ದಾಣದಲ್ಲಲ್ಲ. 2008ರ ಮೇ ತಿಂಗಳಲ್ಲಿ ವಿಮಾನಗಳು ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು. ಜಯನಗರದಿಂದ ಅಲ್ಲಿಗೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಹೊರಡುವ ವೇಳೆಗೆ ಎರಡು ಗಂಟೆ ಮೊದಲೇ ಅಲ್ಲಿರುವುದು ಕ್ಷೇಮ. ಇಳಿದ ಮೇಲೆ ಸಾಮಾನು ಪಡೆದು, ಗುಡ್ಡವಿಳಿದು ಮಂಗಳೂರು ಪೇಟೆ ಸೇರಲು ಇನ್ನೊಂದು ಗಂಟೆ. ಎಲ್ಲ ಕೂಡಿದರೆ ಐದೂವರೆ ಗಂಟೆ! ನೇರ ದೂರವನ್ನು ಇದರಿಂದ ಭಾಗಿಸಿ ನೋಡಿ: ಗಂಟೆಗೆ ಸುಮಾರು 55 ಕಿ.ಮೀ. ಉಳಿತಾಯ ಎರಡು ಗಂಟೆ ಮಾತ್ರ.

ಈ ಲೆಕ್ಕವನ್ನು ನಾನು ಕಲಿತದ್ದು ತಡವಾಗಿ. 2011ರ ಜುಲೈ ತಿಂಗಳ ಒಂದು ಸಂಜೆ, ಮಂಗಳೂರಿನಲ್ಲಿದ್ದ ನನ್ನ ಅಕ್ಕನ ಸ್ಥಿತಿ ಬಿಗಡಾಯಿಸಿದೆಯೆಂದು ಸುದ್ದಿ ಬಂತು. ನಾನು ರಾತ್ರಿ ಬಸ್ಸಿಗೆ ಹೊರಟೆ. "ಬಸ್ಸೇಕೆ ಅಪ್ಪ? ಬೆಳಿಗ್ಗೆ ವಿಮಾನಕ್ಕೆ ಹೋಗಿ, ಒಂದೇ ಗಂಟೆ" ಎಂದ ಮಗ. ನನಗೂ ಅದೇ ಸರಿಯೆನಿಸಿತು. ಮರುದಿನ ಬಜ್ಪೆಯ ಮೇಲೆ ಮಳೆಮೋಡ ಕವಿದಿತ್ತು. ವಿಮಾನ ಎರಡು ಸುತ್ತು ಹಾಕಿ ಬೆಂಗಳೂರಿಗೇ ಮರಳಿತು. ಚಾಲಕರು ಮಾಡಿದ್ದು ಸರಿ. ಅದು ಗುಡ್ಡದ ನೆತ್ತಿಯ ನಿಲ್ದಾಣ. ಹಿಂದಿನ ವರ್ಷ, 2010ರ ಮೇ 22ರಂದು, ಅಲ್ಲಿ ವಿಮಾನವೊಂದು ರನ್‌ವೇ ದಾಟಿ ಕಮರಿಗೆ ಉರುಳಿ 158 ಜನ ತೀರಿಕೊಂಡಿದ್ದರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೂ ಗುಡ್ಡ ಕುಸಿಯುವುದುಂಟು. ಆದರೆ ಆ ರಾತ್ರಿಯ ಬಸ್ಸುಗಳು ಬೆಳಗಿನ ಆರಕ್ಕೇ ಮಂಗಳೂರು ಸೇರಿದ್ದವು. ಅಕ್ಕ ಹೋದದ್ದು ಹನ್ನೊಂದಕ್ಕೆ.

ವಿಮಾನವನ್ನು ನಾನು ದೂರುತ್ತಿಲ್ಲ. ದೆಹಲಿಗೋ ಅದಕ್ಕಿಂತ ದೂರಕ್ಕೋ ಹೋಗುವವರಿಗೆ ಅದರ ಉಪಕಾರ ದೊಡ್ಡದು. ಟಿಕೆಟ್ಟಿನಲ್ಲಿರುವ ವೇಳೆಯೂ ಸುಳ್ಳಲ್ಲ. ಅದು ವಿಮಾನದ ಪ್ರಯಾಣದ ವೇಳೆ, ನಮ್ಮದಲ್ಲ. ಹತ್ತಿರದ ಊರುಗಳಿಗೆ, ಅದರಲ್ಲೂ ತುರ್ತಿನಲ್ಲಿ, ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಷ್ಟು ಹೊತ್ತೆಂದು ಲೆಕ್ಕ ಹಾಕಬೇಕು. ಮೊದಲು ಹೊರಡುವುದು ಯಾವುದೆಂದು ನೋಡಿ ಅದನ್ನು ಹತ್ತಬೇಕು.

ಊರಿನಲ್ಲಿ ವಯಸ್ಸಾದ ತಂದೆತಾಯಿಯರಿರುವ ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. "ಒಂದೇ ಗಂಟೆ, ಯಾವಾಗ ಬೇಕಾದರೂ ಬಂದೇನು" ಎಂದು ಈ ಸಲದ ಭೇಟಿಯನ್ನು ಮುಂದೂಡಬೇಡಿ.